ಸಂಚಕಾರದ ಹಣ

ಕೋಲಾರ ಜಿಲ್ಲೆಯ ಮೂಡಣ ಅಂಚಿನಲ್ಲಿ ಹುಟ್ಟಿ ಬೆಳೆದವರು ಪರಭಾಷೆಯನ್ನು ಕಾಣಲು ಹಡಗು ಹತ್ತಬೇಕಾಗಿಲ್ಲ. ಅದು ಹೊಸ್ತಿಲಾಚೆಯೇ ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ ಹೊಸ್ತಿಲ ಒಳಗೇ ಇರುತ್ತದೆ. ಮುಳಬಾಗಿಲು ತಾಲ್ಲೂಕಿನ ಆವನಿಯ ಸುತ್ತಣ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಶಾಲೆಯದು, ಕಚೇರಿಯದು ಕನ್ನಡ. ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿಗೆ ಕಾಲಿಟ್ಟರೆ ತಮಿಳು. ನನ್ನ ಮನೆಯಲ್ಲಿಯೂ ತೆಲುಗೇ. ತರಗತಿಯಲ್ಲಿ ಪಂಪನನ್ನು ಪಾಠ ಹೇಳುವವನು ತಾಯಿಯೊಡನೆ ತೆಲುಗಿನಲ್ಲಿ ಮಾತನಾಡುತ್ತಾನೆಂದರೆ ಧಾರವಾಡದ ಮಿತ್ರರು ಹುಬ್ಬೇರಿಸುತ್ತಾರೆ. ಇದೇ ಜಿಲ್ಲೆಯ ಮಾಲೂರು ಸೀಮೆಯಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳೆಂಬುದನ್ನು ನೆನಪಿಸಿದ ಮೇಲೆ ಆ ಹುಬ್ಬು ಕೆಳಗಿಳಿಯುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜಿನಿಂದ ಹೊರಬಿದ್ದವರಲ್ಲಿ ಕೆಲವರು ಕೊಲ್ಲಿಯ ನಾಡುಗಳಿಗೆ, ಇನ್ನು ಕೆಲವರು ಯೂರೋಪಿಗೆ ಕೆಲಸಕ್ಕೆಂದು ಹೊರಟಿದ್ದಾರೆ. ಹೊರಡುವ ಮುನ್ನ ಆ ದೇಶದ ಭಾಷೆಯ ಪುಸ್ತಕವೊಂದನ್ನು ಕೊಂಡಿರುತ್ತಾರೆ. ಆದರೆ ಅವರ ಅಂಜಿಕೆ ಭಾಷೆಯದಲ್ಲವೆಂದು ನನಗೆ ತೋರುತ್ತದೆ. ಗುರುತಿಲ್ಲದ ಜನ ನಮ್ಮನ್ನು ನಂಬಿಯಾರೆ, ನಾವು ಅವರನ್ನು ನಂಬಬಹುದೆ ಎಂಬ ಅಂಜಿಕೆ ಅದು. ಇದಕ್ಕೆ ಉತ್ತರ ಹೇಳುವಷ್ಟು ದೇಶ ಸುತ್ತಿದವನು ನಾನಲ್ಲ. ಆದರೆ ಪರದೇಶದವರು ಕೆಲಸಕ್ಕೆಂದು ಬಂದು ತಲೆಮಾರುಗಟ್ಟಲೆ ನೆಲಸಿದ ಸೀಮೆ ನಮ್ಮದು. ಅವರಲ್ಲಿ ಯಾರನ್ನು ಈ ಜನ ನಂಬಿದರು, ಯಾರನ್ನು ನಂಬಲಿಲ್ಲ, ಏಕೆ ಎಂಬುದನ್ನು ಕೇಳಿಕೊಳ್ಳಬಹುದಲ್ಲವೆ?

ಮೊದಲು ನಮ್ಮ ಜಾತ್ರೆಯ ಮಾತು. ಶಿವರಾತ್ರಿಯ ಆಸುಪಾಸಿನಲ್ಲಿ ಆವನಿಯಲ್ಲಿ ರಾಮಲಿಂಗೇಶ್ವರನ ಜಾತ್ರೆ ನೆರೆಯುತ್ತದೆ. ಅದರೊಡನೆ ದನಗಳ ಪರಿಷೆ. ಸೀತಾದೇವಿ ಲವಕುಶರನ್ನು ಹೆತ್ತ ತಾಣವೆಂದು ಬೆಟ್ಟ ಹತ್ತುವ ಭಕ್ತರದೊಂದು ದಾರಿ. ಹಳ್ಳಿಕಾರ್ ತಳಿಯ ಜೋಡಿಗಳನ್ನು ಅರಸಿ ಬರುವ ರೈತರದು ಇನ್ನೊಂದು. ಆಂಧ್ರದಿಂದ, ತಮಿಳುನಾಡಿನಿಂದ, ನಮ್ಮದೇ ಬಡಗಣ ಜಿಲ್ಲೆಗಳಿಂದ ಕೊಳ್ಳುವವರು ಬರುತ್ತಾರೆ. ಬಾಯಿ ತೆರೆಸಿ ಹಲ್ಲು ಎಣಿಸುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು, ಇಷ್ಟಕ್ಕೆ ಭಾಷೆ ಬೇಕಿಲ್ಲ. ಬೆಲೆಯ ಹೊತ್ತಿಗೆ ಮಾತು ಪೂರ್ತಿಯಾಗಿ ನಿಂತೇಹೋಗುತ್ತದೆ. ದಲ್ಲಾಳಿ ಟವಲೊಂದನ್ನು ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಕೊಳ್ಳುವವನ ಬೆರಳನ್ನು ಹಿಡಿಯುತ್ತಾನೆ. ಎಷ್ಟು ಬೆರಳು, ಯಾವ ಗೆಣ್ಣು, ಹಿಡಿದದ್ದೋ ಒತ್ತಿದ್ದೋ, ಅದರಲ್ಲಿಯೇ ಸಾವಿರವೂ ನೂರೂ ಅಡಗಿವೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಟವಲಿನ ಕೆಳಗಿರುವ ಇಬ್ಬರಿಗೆ ಸಂಶಯವಿಲ್ಲ. ತೆಲುಗಿನವನು, ತಮಿಳಿನವನು, ಕನ್ನಡದವನು ಒಂದೇ ವ್ಯಾಕರಣದಲ್ಲಿ ಚೌಕಾಸಿ ಮಾಡುವ ಸ್ಥಳ ಇದಲ್ಲದೆ ಮತ್ತೊಂದನ್ನು ನಾನು ಕಂಡಿಲ್ಲ.

ಇದೆಲ್ಲ ಪ್ರಾಮಾಣಿಕರ ಸಂತೆಯೆಂದು ವಾಚಕರು ತಿಳಿಯಬಾರದು. ದಲ್ಲಾಳಿ ಒಂದು ಕಡೆ ಒಂದು ಬೆರಳು, ಇನ್ನೊಂದು ಕಡೆ ಇನ್ನೊಂದು ಬೆರಳು ಹಿಡಿಯುವುದೂ ಉಂಟು. ಆದ್ದರಿಂದಲೇ ಮಾತು ಕುದುರಿದ ಕೂಡಲೆ ಒಂದಿಷ್ಟು ಹಣ ಕೈಬದಲಾಗಬೇಕು. ಅದಕ್ಕೆ ನಮ್ಮ ಹಿರಿಯರು ಹೇಳುತ್ತಿದ್ದ ಹೆಸರು ಸಂಚಕಾರ. ಇಂದಿನ ಪತ್ರಿಕೆಗಳಲ್ಲಿ ಯಾರದೋ ಕುರ್ಚಿಗೆ, ಯಾರದೋ ಪ್ರಾಣಕ್ಕೆ ‘ಸಂಚಕಾರ’ ಬರುತ್ತದೆ. ಕೇಡೆಂಬ ಒಂದೇ ಅರ್ಥ ಉಳಿದಿದೆ. ಪದದ ಮೂಲ ಸಂಸ್ಕೃತದ ‘ಸತ್ಯಂಕಾರ’; ಆಡಿದ ಮಾತನ್ನು ನಿಜಮಾಡುವುದು ಎಂದು ಅದರ ಅರ್ಥ. ಮಾತನ್ನು ನಿಜಮಾಡುವ ಹಣದ ಹೆಸರು ಕೇಡಿನ ಹೆಸರಾದದ್ದು ಹೇಗೆ? ಮುಂಗಡ ಕೊಟ್ಟು ಕಳೆದುಕೊಂಡವರ ಸಂಖ್ಯೆ ಹೆಚ್ಚಾಗಿತ್ತೋ ಏನೋ! ಭಾಷಾಶಾಸ್ತ್ರಜ್ಞರು ಇದಕ್ಕೆ ಬೇರೆ ಕಾರಣ ಹೇಳಿಯಾರು. ನನಗಂತೂ, ಇಬ್ಬರು ಅಪರಿಚಿತರ ನಡುವಣ ನಂಬಿಕೆಗೆ ಮೊದಲು ಯಾರಾದರೊಬ್ಬರು ಏನನ್ನಾದರೂ ಕೈಬಿಡಬೇಕೆಂಬ ಹಳೆಯ ತಿಳಿವಳಿಕೆ ಆ ಪದದೊಳಗೆ ಇನ್ನೂ ಕುಳಿತಂತೆ ಕಾಣುತ್ತದೆ.

ಇನ್ನು ಕಲ್ಲುಗಳ ಮಾತು. ಆವನಿಯ ದೇಗುಲಗಳು ನೊಳಂಬರ ಕಾಲದವು. 961ರಲ್ಲಿ ತೀರಿಕೊಂಡ ತ್ರಿಭುವನಕರ್ತರನೆಂಬ ಶೈವಗುರು ನಲವತ್ತು ವರ್ಷ ಈ ಸ್ಥಾನವನ್ನಾಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಇಲ್ಲಿನ ಕನ್ನಡ ಶಾಸನ ಹೇಳುತ್ತದೆ. ಅವನಾದ ಮೇಲೆ ಚೋಳರು ಬಂದರು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ತಮಿಳು ಹತ್ತಿತು. ಗೆದ್ದು ಬಂದವರೇ ಆದರೂ ಪರಭಾಷೆಯ ನೆಲದಲ್ಲಿ ಬರೆಯುತ್ತಿದ್ದರು. ಅಂಥ ತಮಿಳು ಶಾಸನಗಳ ಕೊನೆಯಲ್ಲಿ ಬರುವ ಒಂದು ವಾಡಿಕೆಯ ಮಾತು ನನಗೆ ಬಹು ಪ್ರಿಯ: ಮುಂದೆ ಈ ಧರ್ಮವನ್ನು ಕಾಪಾಡುವವರ ಪಾದ ನನ್ನ ತಲೆಯ ಮೇಲಿರಲಿ ಎಂಬ ಭಾವದ ಮಾತು. ಕನ್ನಡದ ಶಾಸನಗಳು ಇದೇ ಎಡೆಯಲ್ಲಿ ಹೆಚ್ಚಾಗಿ ಶಾಪವಿಡುತ್ತವೆ. ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆನ್ನುತ್ತವೆ. ಎರಡೂ ಒಂದೇ ಅಂಜಿಕೆಯಿಂದ ಹುಟ್ಟಿದುವು. ಬರೆಸಿದವನಿಗೆ, ನಾಳೆ ಈ ಊರನ್ನಾಳುವವನು ತನ್ನ ಭಾಷೆಯವನಾಗಿರಲಾರ ಎಂಬುದು ಗೊತ್ತಿತ್ತು.

ಈ ಕಲ್ಲುಗಳನ್ನು ಓದಿಸಿ ಅಚ್ಚಿಗೆ ಹಾಕಿಸಿದವನು ಇಂಗ್ಲಿಷಿನವನು. ಬೆಂಜಮಿನ್ ಲೂಯಿ ರೈಸ್ ಪಾದ್ರಿಯೊಬ್ಬರ ಮಗ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಓದಿಗೆ ಇಂಗ್ಲೆಂಡಿಗೆ ಹೋಗಿ ಮರಳಿದವನು. ಶಾಲೆಗಳ ತನಿಖಾಧಿಕಾರಿಯಾಗಿ ಊರೂರು ತಿರುಗುವಾಗ ಶಾಸನಗಳ ಗೀಳು ಹತ್ತಿತು. ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಹತ್ತನೆಯದು ಕೋಲಾರ ಜಿಲ್ಲೆಯದು, 1905ರಲ್ಲಿ ಹೊರಬಂದದ್ದು.

ಇದು ಸುಲಭವಾಗಿ ಆದ ಕೆಲಸವಿರಲಾರದು. ಶಾಸನವೆಂದರೆ ನಿಧಿಯ ಗುರುತು ಎಂಬುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಳಿಯದ ನಂಬಿಕೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಹೊಲದ ಬದುವಿನ ಕಲ್ಲೊಂದನ್ನು ತಿಕ್ಕಿ ತೊಳೆಯುತ್ತಿದ್ದಾಗ, ಆ ಹೊಲದ ಮುದುಕ ಬಹಳ ಹೊತ್ತು ಸುಮ್ಮನೆ ನಿಂತು ನೋಡಿ, “ಎಷ್ಟು ಆಳದಾಗೆ ಐತಂತೆ ಸಾಮಿ?” ಎಂದು ಕೇಳಿದ. ಏನೂ ಇಲ್ಲ ಅಜ್ಜ ಎಂದರೆ ನಂಬುವ ಮುಖವಲ್ಲ. ಕೊನೆಗೆ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ನಡುವೆ ಒಂದು ಕೆರೆಯ ಹೆಸರು ಬಂತು. “ಅದು ನಮ್ಮ ಕೆರೆ ಅಲ್ಲವಾ!” ಎಂದ. ಆಮೇಲೆ ನೀರು ತಂದುಕೊಟ್ಟವನೂ ಅವನೇ. ಪಕ್ಕದ ಹೊಲದಲ್ಲಿ ಮಗುಚಿಬಿದ್ದಿದ್ದ ಇನ್ನೊಂದು ಕಲ್ಲನ್ನು ತೋರಿಸಿದವನೂ ಅವನೇ.

ರೈಸ್ ಅಧಿಕಾರಿಯಾಗಿದ್ದುದರಿಂದ ಜನ ಕಲ್ಲು ತೋರಿಸಿದರು ಎನ್ನಬಹುದು. ಬೆದರಿದವನು ಎದುರಿಗಿರುವ ಕಲ್ಲನ್ನು ತೋರಿಸುತ್ತಾನೆ, ಪೆಟ್ಟಿಗೆಯಲ್ಲಿರುವ ತಾಮ್ರಪಟವನ್ನು ತೋರಿಸುವುದಿಲ್ಲ. ಇನಾಮು ಭೂಮಿಗಳ ತನಿಖೆಯನ್ನು ಕಂಡಿದ್ದ ತಲೆಮಾರಿಗೆ, ಸರ್ಕಾರದವನ ಕೈಗೆ ಹಳೆಯ ಪಟವನ್ನು ಕೊಡುವುದೆಂದರೆ ಜಮೀನನ್ನೇ ಕೊಟ್ಟಂತೆ. ಆದರೂ ಆ ಸಂಪುಟಗಳಲ್ಲಿ ತಾಮ್ರಶಾಸನಗಳು ಬೇಕಾದಷ್ಟಿವೆ. ಅವನು ಶಾಸನದ ಪಾಠವನ್ನು ರೋಮನ್ ಲಿಪಿಯಲ್ಲಿ ವಿದ್ವಾಂಸರಿಗೆ ಮಾತ್ರ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಕನ್ನಡ ಲಿಪಿಯಲ್ಲಿಯೂ ಅಚ್ಚುಹಾಕಿಸಿದ. ಊರಿನ ಶ್ಯಾನುಭೋಗ ತನ್ನೂರಿನ ಕಲ್ಲನ್ನು ತಾನೇ ಓದಬಹುದಿತ್ತು. ತೆಗೆದುಕೊಂಡದ್ದು ಕಣ್ಣೆದುರಿಗೆ ಹಿಂದಿರುಗಿತು. ಅವನು ಇಂಗ್ಲೆಂಡಿನಲ್ಲಿ 1927ರಲ್ಲಿ ತೀರಿಕೊಂಡ. ಕನ್ನಡ ವಿದ್ವಾಂಸರು ಇಂದಿಗೂ ಅವನನ್ನು ಶಾಸನ ಪಿತಾಮಹನೆನ್ನುತ್ತಾರೆ.

ಆವನಿಯಿಂದ ತೆಂಕಣಕ್ಕೆ, ಬೇತಮಂಗಲದ ದಾರಿ ಹಿಡಿದು ಹೋದರೆ ಬೇರೊಂದು ಕಥೆ.

1802ರಲ್ಲಿ ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಚಿನ್ನವಿದೆಯೆಂಬ ವದಂತಿ ಕೇಳಿದ. ಯಾರು ತೋರಿಸುತ್ತಾರೋ ಅವರಿಗೆ ಬಹುಮಾನವೆಂದು ಸಾರಿದ. ಊರಿಗಾಂ ಹಳ್ಳಿಯವರು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಎದುರಿಗೇ ತೊಳೆದು, ಚಿನ್ನದ ಕಣ ತೋರಿಸಿದರು. ಇದು ಬಹಳ ಸರಳವಾದ ವ್ಯವಹಾರ: ಅವನು ಮಾತು ಕೊಟ್ಟ, ಇವರು ಗುಟ್ಟು ಕೊಟ್ಟರು. ಮುಂದೆ ಸುಮಾರು ಎಪ್ಪತ್ತು ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ನೆಲಸಿದ್ದ ಲೆವೆಲ್ ಎಂಬ ಐರಿಷ್ ಸೈನಿಕ ವಾರನ್ನನ ವರದಿಯನ್ನೋದಿ ಎತ್ತಿನ ಬಂಡಿ ಹೂಡಿಸಿ ಇಲ್ಲಿಗೆ ಬಂದ. 1875ರಲ್ಲಿ ಮೈಸೂರು ಸರ್ಕಾರದಿಂದ ಗುತ್ತಿಗೆ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದಿತು. ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದವರ ಮಕ್ಕಳು ಆ ಹೊತ್ತಿಗೆ ಕಥೆಯಿಂದ ಹೊರಗೆ.

ಗಣಿಗೆ ಇಳಿದವರು ಬಹುಮಂದಿ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ದಲಿತರು, ತಮಿಳಿನವರು, ತೆಲುಗಿನವರು. ಊರ ಗೌಡನ ಜೀತಕ್ಕಿಂತ ಪಾತಾಳದ ಕತ್ತಲೆ ಮೇಲೆಂದು ಬಂದವರು. ಅವರ ಮೇಲೆ ನಿಂತವರಲ್ಲಿ ಅನೇಕರು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನವರು. ಅಲ್ಲಿನ ತಾಮ್ರದ ಗಣಿಗಳು ಸೋತಾಗ ಆ ಜನ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಚೆದರಿದರು. ಕೆಲವರು ಕೋಲಾರಕ್ಕೆ ಬಂದರು. ಗಣಿಯ ಮೇಲ್ವಿಚಾರಕನನ್ನು ‘ಕ್ಯಾಪ್ಟನ್’ ಎಂದು ಕರೆಯುವುದು ಅವರ ನಾಡಿನ ಪದ್ಧತಿ. ಸೇನೆಗೂ ಅದಕ್ಕೂ ಸಂಬಂಧವಿಲ್ಲ. ಭಾಷೆಯ ಮೇಷ್ಟರಾದ ನನಗೆ ಇನ್ನೊಂದು ಸಂಗತಿ ಕುತೂಹಲ ಹುಟ್ಟಿಸುತ್ತದೆ. ಕಾರ್ನ್‌ವಾಲಿಗೆ ತನ್ನದೇ ನುಡಿಯೊಂದಿತ್ತು. ಅದರ ಕೊನೆಯ ಮಾತುಗಾತಿಯೆಂದು ವಾಡಿಕೆಯಲ್ಲಿ ಹೇಳುವ ಮುದುಕಿ 1777ರಲ್ಲಿ ತೀರಿಕೊಂಡಳು. ತಮ್ಮ ನುಡಿಯನ್ನು ಇಂಗ್ಲಿಷಿಗೆ ಸೋತವರ ಮೊಮ್ಮಕ್ಕಳು, ಇಲ್ಲಿ ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಿದ್ದರು. ಹೆಂಡಿರು ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ತಿಂಗಳಿಗಿಷ್ಟೆಂದು ಹಣ ಕಳಿಸುತ್ತಿದ್ದ ಅವರ ಬಾಳು, ಇಂದು ಕೊಲ್ಲಿಯಲ್ಲಿ ದುಡಿಯುವ ನಮ್ಮ ಹುಡುಗರ ಬಾಳಿಗಿಂತ ಬಹಳ ಬೇರೆಯಿದ್ದಿರಲಾರದು.

ಗಣಿಯ ಆಳದಲ್ಲಿ ಈ ಎರಡು ಜನ ಒಬ್ಬರನ್ನೊಬ್ಬರು ನಂಬಲೇಬೇಕಿತ್ತು. ನನ್ನ ವಿದ್ಯಾರ್ಥಿನಿಯೊಬ್ಬಳ ತಾತ ಗಣಿಯಲ್ಲಿ ದುಡಿದು ನಿವೃತ್ತರಾದವರು. ಲೈನಿನ ಮನೆಯ ಮುಂದೆ ಕುಳಿತು, ತಮಿಳು ಬೆರೆತ ಕನ್ನಡದಲ್ಲಿ ಅವರು ವಿವರಿಸಿದರು: ಕೆಲಸಕ್ಕೆ ಮುನ್ನ ಹಾರೆಯಿಂದ ತಲೆಮೇಲಿನ ಬಂಡೆಯನ್ನು ಬಡಿಯುತ್ತಾರೆ. ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಕೇಳುತ್ತದೆ, ಸಡಿಲವಾಗಿದ್ದರೆ ಒಡೆದ ಮಡಕೆಯ ಹಾಗೆ. “ಕಲ್ಲು ಯಾರ ಭಾಷೇನೂ ಆಡಲ್ಲ ಸಾರ್. ಅದನ್ನ ಕೇಳೋಕೆ ಬರೋನು ದೊರೆ ಆಗಲಿ, ಮೇಸ್ತ್ರಿ ಆಗಲಿ, ಅವನ ಹಿಂದೆ ನಾವು ಹೋಗ್ತೀವಿ.” ಮೂರು ಸಾವಿರ ಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿದ್ದ ಕಾಲಗಳೂ ಇದ್ದುವು. ಆಗ ಯಾವ ಕಿವಿಯೂ ನೆರವಿಗೆ ಬರುತ್ತಿರಲಿಲ್ಲ. ಪಂಜರ ಮೇಲಕ್ಕೆ ಬರುವವರೆಗೆ ಮೇಲಿದ್ದವರು ಕಾಯುತ್ತಿದ್ದರು, ಎಂದು ಹೇಳಿ ತಾತ ಸ್ವಲ್ಪ ಹೊತ್ತು ಸುಮ್ಮನಾದರು.

ಆ ಪಂಜರದಿಂದ ಹೊರಬಿದ್ದ ಗಳಿಗೆಯಲ್ಲಿಯೇ ನಂಬಿಕೆ ಮುಗಿಯುತ್ತಿತ್ತು. ಮೇಲೆ ಬಂದವನ ಮೈಯನ್ನು ಶೋಧಿಸುತ್ತಿದ್ದರು. ಚಿನ್ನದ ಕಳವನ್ನು ತಡೆಯಲೆಂದೇ 1897ರಲ್ಲಿ ಮೈಸೂರು ಗಣಿ ಕಾಯಿದೆ ಬಂದಿತ್ತು. ಕಳವು ಆಗುತ್ತಿರಲಿಲ್ಲವೆಂದಲ್ಲ, ಆಗುತ್ತಿತ್ತು. ಆದರೆ ಕೆಲವರ ಕಳವಿಗೆ ಎಲ್ಲರನ್ನೂ ಕಳ್ಳರಂತೆ ಕಾಣುವ ಏರ್ಪಾಡು 1930ರಲ್ಲಿ ಮಿತಿಮೀರಿತು. ಗುತ್ತಿಗೆಯ ಕೂಲಿಗಳೂ ಸೇರಿದಂತೆ ದುಡಿಯುವವರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಆಜ್ಞೆಯಾಯಿತು. ಸಾವಿರಾರು ಮಂದಿ ಗಣಿಗೆ ಇಳಿಯಲು ಒಪ್ಪಲಿಲ್ಲ. ಮುಷ್ಕರ ಇಪ್ಪತ್ತೊಂದು ದಿನ ನಡೆಯಿತು.

ಬೆರಳಚ್ಚಿಗೆ ಇಷ್ಟು ರೋಷವೇಕೆ ಎಂದು ಇಂದು ಕೇಳಬಹುದು. ನಾವೆಲ್ಲ ಪಡಿತರದ ಅಕ್ಕಿಗೂ ಯಂತ್ರದ ಮೇಲೆ ಹೆಬ್ಬೆರಳಿಡುತ್ತೇವೆ. ಅಂದಿನವರಿಗೆ ಬೆರಳಚ್ಚೆಂದರೆ ಪೊಲೀಸು ಠಾಣೆ. ತಾತ ತಮ್ಮ ತಂದೆಯಿಂದ ಕೇಳಿದ್ದನ್ನು ಹೀಗೆ ಹೇಳಿದರು: “ಒಳಗೆ ನನ್ನ ಕೈ ನಂಬಿ ದೊರೆ ಬಂಡೆ ಕೆಳಗೆ ನಿಂತ್ಕೋತಾನೆ. ಮೇಲೆ ಬಂದ್ರೆ ಅದೇ ಕೈಗೆ ಮಸಿ ಹಚ್ಚು ಅಂತಾನೆ. ಹೇಗೆ ಸಾರ್?” ನಾನು ಉತ್ತರ ಕೊಡಲಿಲ್ಲ. ಅವರು ಕೇಳಿದ್ದು ನನ್ನನ್ನೂ ಅಲ್ಲ.

ಹತ್ತು ವರ್ಷಗಳ ಮೇಲೆ, 1940ರಲ್ಲಿ, ಆಳದಲ್ಲಿ ದುಡಿಯುವವರು ಮಣಿಕಟ್ಟಿಗೆ ಲೋಹದ ಬಳೆ ತೊಡಬೇಕೆಂಬ ನಿಯಮ ಬಂದಾಗಲೂ ಹೀಗೆಯೇ ಕೆಲಸ ನಿಂತಿತು. ಎರಡು ಸಲವೂ ಜಗಳ ಕೂಲಿಯ ಕಾಸಿನದಾಗಿರಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತನ್ನು ತಂದು ಹೆಸರಾದ ಸ್ಥಳ ಅದು, ಆಸ್ಪತ್ರೆಯಿತ್ತು, ಕ್ಲಬ್ಬಿತ್ತು. ಅಷ್ಟೆಲ್ಲ ಇದ್ದೂ ಒಂದು ಕೈಯ ಮೇಲಣ ಗೌರವ ಇರಲಿಲ್ಲ.

ಇಲ್ಲಿ ನಮ್ಮವರ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ, ಓದುಗರಲ್ಲಿ ಕೆಲವರಿಗೆ ರುಚಿಸಲಾರದು. ಕೋಲಾರದ ಚಿನ್ನದ ಗಣಿಯಲ್ಲಿ ಕನ್ನಡವಿಲ್ಲವೆಂದು ನಾವು ಬಹು ಕಾಲದಿಂದ ದೂರುತ್ತ ಬಂದಿದ್ದೇವೆ. ದೂರು ಸುಳ್ಳಲ್ಲ. ಆದರೆ ಆ ಲೈನುಗಳ ಮಕ್ಕಳಿಗೆ ಕನ್ನಡ ಮೊದಲು ಕೇಳಿಸಿದ್ದು ಯಾರ ಬಾಯಿಂದ? ಪೊಲೀಸಿನವನ ಬಾಯಿಂದ, ಕಚೇರಿಯ ಗುಮಾಸ್ತೆಯ ಬಾಯಿಂದ. ಗಣಿ 1956ರಲ್ಲಿ ಮೈಸೂರು ಸರ್ಕಾರದ ವಶವಾಯಿತು, 1962ರಲ್ಲಿ ಕೇಂದ್ರಕ್ಕೆ ಸೇರಿತು, 2001ರ ಫೆಬ್ರವರಿ 28ರಂದು ಮುಚ್ಚಿಯೇ ಹೋಯಿತು. ಅಂದಿನಿಂದ ಮಾರಿಕುಪ್ಪಂ ರೈಲುಗಳಲ್ಲಿ ನಸುಕಿನಲ್ಲಿಯೇ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರಿಗೆ ಕನ್ನಡ ಬರುತ್ತದೆ; ಆದರೆ ತಪ್ಪಾದೀತೆಂದು ಬಾಯಿ ಬಿಡುವುದಿಲ್ಲ. ನಾನು ಒಂದು ಉಪಾಯ ಮಾಡಿದೆ. ‘ಕಲ್’, ‘ಕೈ’, ‘ಮಣ್’, ‘ಪೊನ್’ ಎಂಬ ಹಳಗನ್ನಡದ ಪದಗಳನ್ನು ಹಲಗೆಯ ಮೇಲೆ ಬರೆದು, ಅರ್ಥವನ್ನು ಅವರನ್ನೇ ಕೇಳಿದೆ. ಮನೆಯಲ್ಲಿ ಕನ್ನಡವಾಡುವವರು ‘ಪೊನ್’ ಎಂಬಲ್ಲಿ ತಡೆದರು. ಗಣಿಯ ಹುಡುಗಿ ಚಿನ್ನವೆಂದಳು. ಆ ವರ್ಷ ಪಂಪನ ಪದ್ಯಗಳಲ್ಲಿ ಕಷ್ಟದ ಪದ ಬಂದಾಗಲೆಲ್ಲ ಇಡೀ ತರಗತಿ ಅವಳ ಕಡೆ ತಿರುಗಿ ನೋಡುತ್ತಿತ್ತು. ಅವಳು ಯಾವಾಗ ಕನ್ನಡದಲ್ಲಿ ಸಂಕೋಚವಿಲ್ಲದೆ ಮಾತನಾಡತೊಡಗಿದಳೆಂಬುದು ನನಗೆ ಗೊತ್ತಾಗಲೇ ಇಲ್ಲ.

ಚಿನ್ನದ ಕಾಲ ಮುಗಿದರೂ ಪರದೇಶದವರು ನಮ್ಮ ಜಿಲ್ಲೆಗೆ ಬರುವುದು ನಿಂತಿಲ್ಲ. ಕೋಲಾರದ ಪಶ್ಚಿಮಕ್ಕೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಈಗ ಹಲವು ದೇಶಗಳ ಕಾರ್ಖಾನೆಗಳಿವೆ. 2020ರ ಡಿಸೆಂಬರ್ 12ರ ಬೆಳಗ್ಗೆ, ಐಫೋನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದುಡಿಯುವ ಹುಡುಗರು ಗಾಜು ಒಡೆದು ದಾಂಧಲೆ ಮಾಡಿದ ಸುದ್ದಿ ಜಗತ್ತಿಗೆಲ್ಲ ತಿಳಿಯಿತು. ಸಂಬಳ ಸರಿಯಾಗಿ ಬರುತ್ತಿಲ್ಲವೆಂಬುದು ಅವರ ದೂರು. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಂಪನಿಯೇ ಕೆಲವು ಕೆಲಸಗಾರರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು.

ಅದೇ ಪ್ರದೇಶದ ಬೇರೊಂದು ಕಾರ್ಖಾನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ಆವನಿಯ ಕಡೆಯವನೇ. ಅವನ ಮೇಲಿನ ಇಂಜಿನಿಯರು ಪೂರ್ವ ದೇಶದವರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಒಂದು ಸಲ ಹುಡುಗರ ಹೆಚ್ಚುವರಿ ಗಂಟೆಗಳ ಲೆಕ್ಕ ತಪ್ಪಿ ಗೊಂದಲವಾದಾಗ, ಆ ಇಂಜಿನಿಯರು ದುಭಾಷಿಗಾಗಿ ಕಾಯಲಿಲ್ಲವಂತೆ. ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಪೆನ್ನನ್ನು ಇವನ ಕೈಗೆ ಕೊಟ್ಟು, ತಾನು ಕೈಕಟ್ಟಿ ಕುಳಿತರಂತೆ. ಇವನು ಒಂದೊಂದೇ ಹೆಸರಿನೆದುರು ತಿದ್ದುತ್ತ ಹೋದ. ಕೊನೆಯಲ್ಲಿ ಅವರು ಒಂದೇ ಒಂದು ಅಂಕಿಯನ್ನು ತೋರಿಸಿ ತಲೆಯಾಡಿಸಿದರು. ನೋಡಿದರೆ ಅದು ಇವನದೇ ಹೆಸರಿನ ಸಾಲು. ತನ್ನ ಎರಡು ಗಂಟೆಗಳನ್ನು ಸಂಕೋಚದಿಂದ ಇವನು ಕಡಿಮೆ ಬರೆದಿದ್ದ. ಅವರೇ ಪೆನ್ನು ತೆಗೆದುಕೊಂಡು ಅದನ್ನು ಸರಿಮಾಡಿದರು.